ಮಣ್ಣಿನ ಮನೆ: ಬುಡ ಒಣಗಿರಲಿ, ತಲೆ ನೆನೆಯದಿರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ರೈತ ಕುಟುಂಬವೊಂದು ಜಮೀನನ್ನು ಬಿಟ್ಟರೆ ಅತಿ ಹೆಚ್ಚು ಹಣ ತೊಡಗಿಸುವುದು ಮನೆಗೆ. ಆ ಹಣದಲ್ಲಿ ಬಹುಪಾಲು ಸಾಲದ ಹಣವೇ ಆಗಿರುವುದುಂಟು. ಆದ್ದರಿಂದ ಗೋಡೆಗೆ ಯಾವ ವಸ್ತು, ಸೂರಿಗೆ ಯಾವ ವಸ್ತು ಎಂಬುದನ್ನು ಯಾವ ತಳಿಯ ಬೀಜ ಎಂದು ಯೋಚಿಸುವಷ್ಟೇ ಎಚ್ಚರದಿಂದ ಯೋಚಿಸಬೇಕು.

ಇತ್ತೀಚೆಗೆ ಹಳ್ಳಿಗಳಲ್ಲಿ ಹಳೆಯ ಮಣ್ಣಿನ ಮನೆಯನ್ನು ಕೆಡವಿ, ಆರು ಅಂಗುಲದ ಸಿಮೆಂಟು ಬ್ಲಾಕಿನ ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸುವುದು ರೂಢಿಯಾಗಿದೆ. ಮಣ್ಣಿನ ಮನೆ ಎಂದರೆ ಬಡತನದ ಗುರುತು ಎಂಬ ಭಾವನೆ ಇದಕ್ಕೆ ಒಂದು ಕಾರಣ. ಮಳೆಗಾಲದಲ್ಲಿ ಮಣ್ಣಿನ ಗೋಡೆ ಬಿದ್ದು ಜೀವಹಾನಿಯಾಗುವುದು ಇನ್ನೊಂದು ಕಾರಣ. ಮೊದಲನೆಯದು ಬರಿಯ ಭಾವನೆ, ಅದನ್ನು ಬಿಡಬಹುದು. ಎರಡನೆಯದು ನಿಜವಾದ ಭಯ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಗೋಡೆ ಬೀಳುವುದಕ್ಕೆ ಮಣ್ಣು ಕಾರಣವೋ, ಮಣ್ಣಿಗೆ ನೀರು ತಾಗಲು ಬಿಟ್ಟ ನಾವು ಕಾರಣವೋ ಎಂಬುದನ್ನು ತಿಳಿದುಕೊಂಡರೆ, ಕೆಡವುವ ಮುನ್ನ ಮತ್ತು ಕಟ್ಟುವ ಮುನ್ನ ಸರಿಯಾದ ತೀರ್ಮಾನಕ್ಕೆ ಬರಲು ನಿಮಗೆ ಸಹಾಯವಾಗುತ್ತದೆ.

ಮಣ್ಣಿನ ಗೋಡೆಯ ಗುಣಗಳು

ದಪ್ಪನೆಯ ಮಣ್ಣಿನ ಗೋಡೆ ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಒಂದೂವರೆ ಅಡಿ ದಪ್ಪದ ಗೋಡೆಯ ಹೊರಮೈಗೆ ಮಧ್ಯಾಹ್ನ ತಗುಲಿದ ಬಿಸಿಲಿನ ಕಾವು ಒಳಮೈಗೆ ತಲುಪುವ ವೇಳೆಗೆ ರಾತ್ರಿಯಾಗಿರುತ್ತದೆ. ಅಷ್ಟರಲ್ಲಿ ಹೊರಗಿನ ಗಾಳಿ ತಣ್ಣಗಾಗಿರುತ್ತದೆ. ಕಿಟಕಿ ತೆರೆದರೆ ಕಾವು ಹೊರಟುಹೋಗುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯಂಥ ಬಿಸಿಲು ಸೀಮೆಯಲ್ಲಿ ಹಿರಿಯರು ದಪ್ಪ ಗೋಡೆ, ಸಣ್ಣ ಕಿಟಕಿ ಇಟ್ಟು ಮಾಳಿಗೆ ಮನೆ ಕಟ್ಟಿದ್ದು ಈ ಲೆಕ್ಕದಿಂದಲೇ. ತಗಡಿನ ಸೂರಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹಸುಗೂಸು, ಬಾಣಂತಿ, ವಯಸ್ಸಾದವರು ಪಡುವ ಪಾಡು ನಿಮಗೆ ಗೊತ್ತೇ ಇದೆ.

ಎರಡನೆಯ ಗುಣ, ತೇವವನ್ನು ಹೀರಿ ಬಿಡುವುದು. ಮಣ್ಣಿನಲ್ಲಿರುವ ಜೇಡಿಯ ಕಣಗಳು ಗಾಳಿಯಲ್ಲಿ ತೇವ ಹೆಚ್ಚಾದಾಗ ಸ್ವಲ್ಪ ಹೀರಿಕೊಂಡು, ಗಾಳಿ ಒಣಗಿದಾಗ ಅದನ್ನು ಮರಳಿ ಬಿಡುತ್ತವೆ. ಇದರಿಂದ ಒಳಗಿನ ಹವೆ ಒಂದು ಹದದಲ್ಲಿ ಉಳಿಯುತ್ತದೆ.

ಆದರೂ ಮಣ್ಣಿನ ಮನೆ ಔಷಧವಲ್ಲ. ಬುಡದಲ್ಲಿ ಸದಾ ಒದ್ದೆಯಿರುವ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಬಿರುಕುಗಳಲ್ಲಿ ತಿಗಣೆ, ಉಣ್ಣೆ, ಚೇಳು ಸೇರುತ್ತವೆ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಹೊಗೆ ತುಂಬಿದರೆ ಗೋಡೆ ಎಷ್ಟು ತಂಪಾಗಿದ್ದರೂ ಅಡಿಗೆ ಮಾಡುವ ಹೆಣ್ಣುಮಕ್ಕಳ ಕಣ್ಣು, ಶ್ವಾಸಕೋಶ ಕೆಡುವುದು ತಪ್ಪದು. ಆದ್ದರಿಂದ ಅಡಿಗೆಮನೆಗೆ ಎದುರು ಬದುರು ಕಿಂಡಿ ಇರಲಿ. ಸೌದೆ ಉರಿಸುವವರು ಹೊಗೆ ಕೊಳವೆಯಿರುವ ಅಸ್ತ್ರ ಒಲೆಯಂಥ ಒಲೆ ಹಾಕಿಸಿಕೊಳ್ಳಲಿ. ಬಿರುಕುಗಳನ್ನು ವರ್ಷಕ್ಕೊಮ್ಮೆ ಮುಚ್ಚಿ ಸುಣ್ಣ ಬಳಿಯಲಿ.

ಗೋಡೆ ಬೀಳುವುದೇಕೆ?

ಒಣಗಿದ ಜೇಡಿ ಮರಳಿನ ಕಣಗಳನ್ನು ಹಿಡಿದಿಡುವ ಅಂಟು. ಒಣಗಿರುವಷ್ಟು ಕಾಲ ಮಣ್ಣಿನ ಗೋಡೆ ಗಟ್ಟಿ. ನೀರು ಕುಡಿದ ಕೂಡಲೇ ಅಂಟು ಸಡಿಲುತ್ತದೆ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ ಕ್ರಿ.ಶ. ೯೯೬ರಲ್ಲಿ ಸ್ಥಾಪನೆಯಾದ ತಾಬೊ ಬೌದ್ಧ ವಿಹಾರದ ಮಣ್ಣಿನ ಗೋಡೆಗಳು ಸಾವಿರ ವರ್ಷ ಕಳೆದರೂ ನಿಂತಿವೆ. ಅಲ್ಲಿ ಮಳೆ ಬಹು ಕಡಿಮೆ. ಮಳೆ ಕಡಿಮೆಯಿರುವ ಕಡೆ ಮಾತ್ರ ಮಣ್ಣಿನ ಮನೆ ಬಾಳುತ್ತದೆ ಎಂದು ಇದರಿಂದ ತಿಳಿಯಬೇಡಿ. ನಮ್ಮ ಮಲೆನಾಡಿನಲ್ಲಿ ಮುಂಗಾರು ನಾಲ್ಕು ತಿಂಗಳು ಹೊಡೆಯುತ್ತದೆ. ಅಲ್ಲಿಯೂ ಮಣ್ಣಿನ ಗೋಡೆಯ ಮನೆಗಳು ಮೂರು ನಾಲ್ಕು ತಲೆಮಾರು ಬಾಳಿವೆ. ಎತ್ತರದ ಕಲ್ಲಿನ ಜಗಲಿ, ಉದ್ದವಾಗಿ ಚಾಚಿದ ಸೂರು, ಮಳೆ ಹೊಡೆಯುವ ದಿಕ್ಕಿಗೆ ಕಟ್ಟುವ ಅಡಿಕೆ ಸೋಗೆಯ ತಟ್ಟಿ, ಈ ಮೂರೇ ಅದರ ಗುಟ್ಟು. ನೀರನ್ನು ಗೋಡೆಯ ಹತ್ತಿರ ಬಿಡಲಿಲ್ಲ, ಗೋಡೆ ಉಳಿಯಿತು.

ಇನ್ನೊಂದು ಕಡೆ ನೋಡಿ. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಎಡೆಬಿಡದೆ ಮಳೆ ಸುರಿಯಿತು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು. ಗೋಡೆಯ ಬುಡ ನೆನೆದು ಮೆತ್ತಗಾಯಿತು. ಊರೂರುಗಳಲ್ಲಿ ಮನೆಗಳು ಕುಸಿದವು. ಅದಕ್ಕೆ ಮೊದಲು, ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ಭೂಕಂಪವಾಗಿ ಸಾವಿರಾರು ಜನ ಮಲಗಿದ್ದಲ್ಲಿಯೇ ಸತ್ತರು. ಅಲ್ಲಿನ ಗೋಡೆಗಳು ಮಣ್ಣಿನ ಕೆಸರಿನಲ್ಲಿ ಕಟ್ಟಿದ ಕಾಡುಗಲ್ಲಿನವು. ಕಲ್ಲುಗಳಿಗೆ ಒಂದಕ್ಕೊಂದು ಹಿಡಿತವಿರಲಿಲ್ಲ. ಮೇಲೆ ದಪ್ಪ ಮಣ್ಣಿನ ಮಾಳಿಗೆಯ ಭಾರ. ಎರಡೂ ಸಂದರ್ಭಗಳಿಂದ ಕಲಿಯಬೇಕಾದ ಪಾಠ ಒಂದೇ: ಗೋಡೆಗೆ ನೀರು ತಾಗಬಾರದು, ತಲೆಯ ಮೇಲೆ ಮಿತಿಮೀರಿದ ಭಾರ ಇರಬಾರದು, ಗೋಡೆಗೆ ಗೋಡೆಯ ಕಟ್ಟು ಇರಬೇಕು.

ಯಾವ ಮಣ್ಣು ಯೋಗ್ಯ?

ಮೇಲ್ಮಣ್ಣನ್ನು ಎಂದಿಗೂ ಗೋಡೆಗೆ ಬಳಸಬೇಡಿ. ಅದರಲ್ಲಿರುವ ಸಾವಯವ ಪದಾರ್ಥ ಕೊಳೆತು ಗೋಡೆ ಬಲಹೀನವಾಗುತ್ತದೆ. ಅಲ್ಲದೆ ಮೇಲ್ಮಣ್ಣು ಬೆಳೆಯ ಸ್ವತ್ತು. ಮೇಲಿನ ಒಂದು ಅಡಿ ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಹೊಲಕ್ಕೆ ಹಾಕಿ, ಅದರ ಕೆಳಗಿನ ಮಣ್ಣನ್ನು ಮನೆಗೆ ತೆಗೆದುಕೊಳ್ಳಿ. ಬಾವಿ, ಕೃಷಿ ಹೊಂಡ ಅಥವಾ ಪಾಯ ತೋಡುವಾಗ ಬರುವ ಮಣ್ಣು ಈ ಕೆಲಸಕ್ಕೆ ಒದಗುತ್ತದೆ. ಕೆರೆಯ ಹೂಳು ಬಹು ನುಣುಪು. ಅದು ಹೊಲಕ್ಕೇ ಸಲ್ಲಬೇಕು.

ನಮ್ಮ ಕೆಂಪು ಮಣ್ಣಿನಲ್ಲಿರುವ ಜೇಡಿ ಹೆಚ್ಚಾಗಿ ಕೆಯೊಲಿನೈಟ್ ಜಾತಿಯದು. ಇದು ನೆನೆದಾಗ ಹೆಚ್ಚು ಉಬ್ಬುವುದಿಲ್ಲ, ಒಣಗಿದಾಗ ಹೆಚ್ಚು ಕುಗ್ಗುವುದಿಲ್ಲ, ಗೋಡೆಗೆ ಒಳ್ಳೆಯದು. ಎರೆ ಭೂಮಿಯ ಜೇಡಿ ಮಾಂಟ್‌ಮೊರಿಲ್ಲೊನೈಟ್ ಜಾತಿಯದು. ಬೇಸಿಗೆಯಲ್ಲಿ ಎರೆ ಹೊಲ ಬಾಯಿಬಿಡುವಂತೆ ಎರೆಮಣ್ಣಿನ ಗೋಡೆಯೂ ಬಾಯಿಬಿಡುತ್ತದೆ. ಎರೆ ಸೀಮೆಯವರು ಗರಸು ಮಣ್ಣನ್ನು ಹುಡುಕುವುದು ಮೇಲು. ಎರೆಮಣ್ಣನ್ನೇ ಬಳಸಬೇಕಾದರೆ ಮರಳು ಬೆರೆಸಲೇಬೇಕು. ನೂರಕ್ಕೆ ೫೦ ಭಾಗ ಜೇಡಿಯಿರುವ ಮಣ್ಣನ್ನು ನೂರಕ್ಕೆ ೧೫ಕ್ಕೆ ಇಳಿಸಲು ಒಂದು ಬುಟ್ಟಿ ಮಣ್ಣಿಗೆ ಎರಡೂಕಾಲು ಬುಟ್ಟಿಗೂ ಹೆಚ್ಚು ಮರಳು ಬೇಕಾಗುತ್ತದೆ. ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿ ನೋಡಿ. ಹೊಳೆಯ ಮರಳಿಗೆ ಬದಲು ಕಲ್ಲುಪುಡಿಯನ್ನು ಬಳಸಬಹುದು.

ಮನೆಯಲ್ಲಿಯೇ ಮಾಡಬಹುದಾದ ಮಣ್ಣಿನ ಪರೀಕ್ಷೆ

೧. ಸೀಸೆ ಪರೀಕ್ಷೆ: ನೆಟ್ಟನೆಯ ಗಾಜಿನ ಸೀಸೆಯಲ್ಲಿ ಮೂರರಲ್ಲಿ ಒಂದು ಭಾಗ ಪುಡಿಮಣ್ಣು ತುಂಬಿ, ಉಳಿದ ಭಾಗಕ್ಕೆ ನೀರು ಮತ್ತು ಒಂದು ಚಿಟಿಕೆ ಉಪ್ಪು ಹಾಕಿ. ಬಾಯಿ ಮುಚ್ಚಿ ಎರಡು ನಿಮಿಷ ಚೆನ್ನಾಗಿ ಕುಲುಕಿ ನಿಲ್ಲಿಸಿ. ಒಂದು ನಿಮಿಷದಲ್ಲಿ ತಳಕ್ಕಿಳಿಯುವುದು ಮರಳು. ಅರ್ಧ ಗಂಟೆಯಲ್ಲಿ ಅದರ ಮೇಲೆ ಕೂರುವುದು ರೇವೆ. ಮರುದಿನ ಮೇಲೆ ಕಾಣುವ ನುಣುಪಾದ ಪದರ ಜೇಡಿ. ಮೂರು ಪದರಗಳನ್ನೂ ಅಳೆಯಿರಿ. ಸಿಮೆಂಟು ಬೆರೆಸಿ ಒತ್ತುವ ಇಟ್ಟಿಗೆಗೆ ನೂರಕ್ಕೆ ೬೫ ಭಾಗಕ್ಕಿಂತ ಹೆಚ್ಚು ಮರಳು, ೧೦ರಿಂದ ೧೫ ಭಾಗ ಜೇಡಿ ಇರುವ ಮಣ್ಣು ಉತ್ತಮ. ಸಿಮೆಂಟಿಲ್ಲದ ಗೋಡೆಗೆ ಜೇಡಿ ಇದಕ್ಕಿಂತ ತುಸು ಹೆಚ್ಚಿರಬೇಕು.

೨. ಬತ್ತಿ ಪರೀಕ್ಷೆ: ಕಲ್ಲು ತೆಗೆದ ಮಣ್ಣನ್ನು ನಾದಿ, ಹೆಬ್ಬೆರಳು ಗಾತ್ರದ ಬತ್ತಿ ಹೊಸೆಯಿರಿ. ಅಂಗೈ ಅಂಚಿನಿಂದ ಅದನ್ನು ಮೆಲ್ಲಗೆ ಹೊರಕ್ಕೆ ತಳ್ಳಿ. ೫ ಸೆಂ.ಮೀ. ಆಗುವ ಮೊದಲೇ ಮುರಿದರೆ ಮರಳು ಹೆಚ್ಚು. ೧೫ ಸೆಂ.ಮೀ. ದಾಟಿದರೂ ಮುರಿಯದಿದ್ದರೆ ಜೇಡಿ ಹೆಚ್ಚು. ಇವೆರಡರ ನಡುವೆ ಮುರಿದರೆ ಮಣ್ಣು ಹದವಾಗಿದೆ.

೩. ಬಿರುಕು ಪರೀಕ್ಷೆ: ನಿಮ್ಮ ಮಿಶ್ರಣದಿಂದಲೇ ನಾಲ್ಕಾರು ಇಟ್ಟಿಗೆ ಮಾಡಿ ನೆರಳಿನಲ್ಲಿ ಒಣಗಿಸಿ. ಅಗಲವಾಗಿ ಬಿರಿದರೆ ಇನ್ನಷ್ಟು ಮರಳು ಸೇರಿಸಿ. ಅಂಚು ಉದುರಿದರೆ ಜೇಡಿಯಿರುವ ಮಣ್ಣು ಸೇರಿಸಿ. ಮನೆಗೆ ಸಾವಿರಾರು ಇಟ್ಟಿಗೆ ಮಾಡುವ ಮೊದಲು ಈ ನಾಲ್ಕು ಇಟ್ಟಿಗೆಗಳ ಮಾತು ಕೇಳಿ.

ಗೋಡೆ ಎಬ್ಬಿಸುವ ಕ್ರಮಗಳು

ಮುದ್ದೆ ಗೋಡೆ: ಮಣ್ಣಿಗೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ, ನೀರು ಹಾಕಿ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ತುಳಿದು ಹದ ಮಾಡಬೇಕು. ಒಂದು ಸಲಕ್ಕೆ ಒಂದೂವರೆ ಅಡಿಗಿಂತ ಹೆಚ್ಚು ಎತ್ತರ ಏರಿಸಬೇಡಿ. ಆ ವರಸೆ ಬಲಿತ ಮೇಲೆಯೇ ಮುಂದಿನದು. ಅವಸರ ಮಾಡಿದರೆ ಕೆಳಗಿನ ಹಸಿಗೋಡೆ ಉಬ್ಬುತ್ತದೆ.

ಹಸಿ ಇಟ್ಟಿಗೆ: ಅಚ್ಚಿನಲ್ಲಿ ಹಾಕಿ ತೆಗೆದ, ಸುಡದ ಇಟ್ಟಿಗೆ. ಇಟ್ಟಿಗೆಗಳು ಕುಗ್ಗಬೇಕಾದುದೆಲ್ಲ ಗೋಡೆಗೆ ಸೇರುವ ಮೊದಲೇ ಕುಗ್ಗಿರುತ್ತವೆ. ಆದ್ದರಿಂದ ಗೋಡೆ ಬಿರಿಯುವುದು ಕಡಿಮೆ. ನೆರಳಿನಲ್ಲಿ ಒಣಗಿಸಿ, ಮಗ್ಗುಲು ಬದಲಿಸಿ, ಪೂರ್ತಿ ಒಣಗಿದ ಮೇಲೆ ಅದೇ ಮಣ್ಣಿನ ಕೆಸರಿನಲ್ಲಿ ಕಟ್ಟಿ.

ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗೆ ಒದಗಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದು ಕೆಲಸ ಮಾಡಿತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಇಟ್ಟಿಗೆಯ ಬಗ್ಗೆ ಅಲ್ಲಿ ನಡೆಸಿದ ಸಂಶೋಧನೆಯ ಫಲವಾಗಿ ಕೈಯಿಂದ ಒತ್ತುವ 'ಅಸ್ತ್ರಾಮ್' ಯಂತ್ರ ಬಂದಿತು. ಇದರಲ್ಲಿ ಮಾಡಿದ ಇಟ್ಟಿಗೆಗಳಿಂದ ಕಟ್ಟಿದ ಅನೇಕ ಮನೆಗಳು ಬೆಂಗಳೂರು ನಗರದಲ್ಲಿಯೇ ಇವೆ.

ಇದರ ವಿಧಾನ ಹೀಗಿದೆ. ಮಣ್ಣನ್ನು ೫ ಮಿ.ಮೀ. ಜರಡಿಯಲ್ಲಿ ಜರಡಿ ಹಿಡಿಯಬೇಕು. ತೂಕದಲ್ಲಿ ನೂರಕ್ಕೆ ೬ರಿಂದ ೮ ಭಾಗ ಸಿಮೆಂಟನ್ನು ಒಣಗಿರುವಾಗಲೇ ಬಣ್ಣ ಒಂದಾಗುವವರೆಗೆ ಬೆರೆಸಬೇಕು. ಆಮೇಲೆ ನೀರು ಚಿಮುಕಿಸಬೇಕು. ಹಿಡಿಯಲ್ಲಿ ಅದುಮಿದರೆ ಉಂಡೆ ನಿಲ್ಲಬೇಕು, ಕೈಗೆ ಮೆತ್ತಬಾರದು. ಎದೆಯ ಎತ್ತರದಿಂದ ಬಿಟ್ಟರೆ ಉಂಡೆ ನಾಲ್ಕಾರು ಚೂರಾಗಬೇಕು. ಅದೇ ಸರಿಯಾದ ಹದ. ನೀರು ಹಾಕಿದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಒತ್ತಿದ ಇಟ್ಟಿಗೆಗಳನ್ನು ಒಟ್ಟಿ, ಹುಲ್ಲು ಹೊದಿಸಿ, ಮೂರು ವಾರ ತೇವ ಆರದಂತೆ ನೀರು ಚಿಮುಕಿಸಬೇಕು. ಹಲವರು ಸಿಮೆಂಟಿಗೆ ಹಣ ಹಾಕಿ, ನೀರು ಹಾಕಲು ಬೇಸರಪಟ್ಟು, ಇಟ್ಟಿಗೆ ಕೆಡಿಸಿಕೊಳ್ಳುತ್ತಾರೆ. ಜೇಡಿ ಹೆಚ್ಚಿರುವ ಮಣ್ಣಿಗೆ ಸಿಮೆಂಟಿಗಿಂತ ಸುಣ್ಣ ಒಗ್ಗುತ್ತದೆ. ಅದು ನಿಧಾನವಾಗಿ ಬಲಿಯುವುದರಿಂದ ಇನ್ನೂ ಹೆಚ್ಚು ದಿನ ಬೇಕು.

ಇಂಥ ಇಟ್ಟಿಗೆಯ ಗೋಡೆಗೆ ತಗಲುವ ಇಂಧನ, ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವುದರ ಸುಮಾರು ಕಾಲುಭಾಗ ಮಾತ್ರ. ಗೂಡು ಹಾಕಲು ಸೌದೆ ಬೇಕಿಲ್ಲ, ಹೊಲದ ಮಣ್ಣು ಸುಟ್ಟುಹೋಗುವುದಿಲ್ಲ.

ಬುಡ ಮತ್ತು ತಲೆ

ಗೋಡೆ ಯಾವುದೇ ಇರಲಿ, ಕೆಳಗಿನ ಅಂಶಗಳಲ್ಲಿ ಉಳಿತಾಯ ಮಾಡಬೇಡಿ.

* ಪಾಯವನ್ನು ಗಟ್ಟಿ ನೆಲ ಸಿಗುವವರೆಗೆ ತೋಡಿ ಕಲ್ಲಿನಿಂದ ಕಟ್ಟಿ. ಎರೆ ನೆಲದಲ್ಲಿ ಗರಸು ಸಿಗುವವರೆಗೆ ಹೋಗಬೇಕು.
* ಕಲ್ಲುಕಟ್ಟಡವು ನೆಲಮಟ್ಟದಿಂದ ಒಂದೂವರೆ ಅಡಿಯಾದರೂ ಮೇಲೆ ಬರಲಿ. ಮಳೆಹನಿ ನೆಲಕ್ಕೆ ಬಿದ್ದು ಚಿಮ್ಮುವುದು ಈ ಎತ್ತರದೊಳಗೆ.
* ಕಲ್ಲಿನ ಮೇಲೆ, ಮಣ್ಣು ಶುರುವಾಗುವ ಮೊದಲು, ನೀರು ಏರದಂತೆ ಸಿಮೆಂಟು ಗಾರೆಯ ಪದರ ಹಾಕಿ. ಇದು ಗೆದ್ದಲಿಗೂ ಸ್ವಲ್ಪ ಮಟ್ಟಿಗೆ ತಡೆ.
* ಸೂರು ಗೋಡೆಯಿಂದ ಎರಡು ಅಡಿ ಆಚೆ ಚಾಚಿರಲಿ. ಮಲೆನಾಡಿನಲ್ಲಿ ಇನ್ನೂ ಹೆಚ್ಚು ಬೇಕು.
* ಮನೆಯ ಸುತ್ತ ಮೂರು ಅಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾದ ಕಲ್ಲುಹಾಸು ಮಾಡಿ, ಅಂಚಿನಲ್ಲಿ ಚರಂಡಿ ಬಿಡಿ.
* ಬಚ್ಚಲಿನ ಗೋಡೆಯನ್ನು ಕಲ್ಲು ಅಥವಾ ಸುಟ್ಟ ಇಟ್ಟಿಗೆಯಿಂದ ಕಟ್ಟಿ.
* ದನಗಳನ್ನು ಮನೆಯ ಗೋಡೆಗೆ ಒತ್ತಿ ಕಟ್ಟಬೇಡಿ. ಗಂಜಲದ ಲವಣ ಗೋಡೆಯ ಬುಡಕ್ಕೆ ಏರಿ, ಒಣಗುವಾಗ ಹರಳುಗಟ್ಟಿ, ಮಣ್ಣನ್ನು ಪುಡಿಪುಡಿಯಾಗಿ ಉದುರಿಸುತ್ತದೆ.

ಕಟ್ಟಡದ ಬಲಕ್ಕಾಗಿ ಭಾರತೀಯ ಮಾನಕ ಬ್ಯೂರೊ ೧೯೯೩ರಲ್ಲಿ ಮಣ್ಣಿನ ಕಟ್ಟಡಗಳಿಗೆಂದೇ ಮಾರ್ಗಸೂಚಿ (ಐ.ಎಸ್. ೧೩೮೨೭) ಹೊರಡಿಸಿತು. ಅದರ ಮುಖ್ಯಾಂಶಗಳನ್ನು ನಿಮ್ಮ ಮೇಸ್ತ್ರಿಗೆ ತಿಳಿಸಿ. ಗೋಡೆಯ ಎತ್ತರ ಅದರ ದಪ್ಪದ ಎಂಟು ಪಟ್ಟು ಮೀರಬಾರದು. ಬಾಗಿಲು ಕಿಟಕಿಗಳ ಅಗಲ ೧.೨ ಮೀಟರ್ (ನಾಲ್ಕು ಅಡಿ) ಮೀರಬಾರದು. ಮನೆಯ ಹೊರಮೂಲೆಯಿಂದ ಅಷ್ಟೇ ದೂರದವರೆಗೆ ಯಾವ ಕಿಂಡಿಯೂ ಇರಬಾರದು. ಎಲ್ಲ ಕಿಂಡಿಗಳ ಅಗಲ ಸೇರಿ ಗೋಡೆಯ ಉದ್ದದ ಮೂರನೇ ಒಂದು ಭಾಗ ದಾಟಬಾರದು. ಬಾಗಿಲಿನ ಮೇಲಿನ ತೊಲೆ ಎರಡೂ ಕಡೆ ಒಂದು ಅಡಿಯಾದರೂ ಗೋಡೆಯೊಳಗೆ ಕೂರಬೇಕು. ಆ ಮಟ್ಟದಲ್ಲಿ ಮನೆಯ ಸುತ್ತಲೂ ಕಡಿಯದಂತೆ ಮರದ ಅಥವಾ ಕಾಂಕ್ರೀಟಿನ ಪಟ್ಟಿಯೊಂದು ಓಡಿದರೆ ನಾಲ್ಕು ಗೋಡೆಗಳೂ ಒಂದಾಗಿ ನಿಲ್ಲುತ್ತವೆ.

ಮಾಳಿಗೆಯ ಭಾರವನ್ನು ಲೆಕ್ಕ ಹಾಕಿ

ಉತ್ತರ ಕರ್ನಾಟಕದ ಹಿರಿಯರು ಮಾಳಿಗೆಗೆ ಸವುಳು ಮಣ್ಣನ್ನು ಹುಡುಕಿ ತಂದು ಹಾಕುತ್ತಿದ್ದರು. ಇದರಲ್ಲಿ ವಿಜ್ಞಾನವಿದೆ. ಸೋಡಿಯಂ ಹೆಚ್ಚಿರುವ ಜೇಡಿ ನೀರು ತಾಗಿದಾಗ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತದೆ. ಹೊಲದಲ್ಲಿ ನೀರು ಇಂಗದಂತೆ ಮಾಡಿ ಬೆಳೆ ಕೆಡಿಸುವ ಗುಣವೇ ಮಾಳಿಗೆಯಲ್ಲಿ ಸೋರದಂತೆ ಕಾಯುತ್ತದೆ. ಆದರೆ ಪ್ರತಿ ವರ್ಷ ಹಳೆಯದನ್ನು ತೆಗೆಯದೆ ಮೇಲೆ ಮೇಲೆ ಮಣ್ಣು ಹಾಕುತ್ತ ಹೋದರೆ ಏನಾಗುತ್ತದೆ? ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದು ಸುಮಾರು ೩.೪ ಘನ ಮೀಟರ್. ಘನ ಮೀಟರಿಗೆ ೧.೬ ಟನ್ನಿನಂತೆ ಹಿಡಿದರೂ ಐದು ಟನ್ ದಾಟುತ್ತದೆ. ನೀರು ಕುಡಿದರೆ ಇನ್ನೂ ಹೆಚ್ಚು. ಅಷ್ಟು ಭಾರ ಗೆದ್ದಲು ತಿಂದ ಜಂತಿಗಳ ಮೇಲೆ, ಮಲಗಿದ ಮಕ್ಕಳ ತಲೆಯ ಮೇಲೆ ಇರುತ್ತದೆ.

ಆದ್ದರಿಂದ ಮಳೆಗಾಲಕ್ಕೆ ಮುಂಚೆ ಹಳೆಯ ಮಣ್ಣನ್ನು ಕೆರೆದು ದಪ್ಪವನ್ನು ಅರ್ಧ ಅಡಿಗೆ ಇಳಿಸಿ. ಅದರ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮಣ್ಣನ್ನು ಇಳಿಜಾರಾಗಿ ಬಡಿದು, ದೋಣಿಯಿಂದ ನೀರು ಗೋಡೆಗೆ ತಾಗದಂತೆ ದೂರ ಬೀಳಿಸಿ. ಹೊಸ ಮನೆಗಾದರೆ ಹಗುರವಾದ ಹೆಂಚಿನ ಸೂರು ಒಳ್ಳೆಯದು. ಕಲ್ನಾರು ಶೀಟು ಹೊದಿಸುವುದು ಬೇಡ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈಗಾಗಲೇ ಇರುವ ಹಳೆಯ ಶೀಟನ್ನು ಕೊರೆಯುವುದು, ಒಡೆಯುವುದು ಮಾಡಬೇಡಿ. ಅದರ ದೂಳು ಅಪಾಯಕಾರಿ.

ಗಿಲಾವು

ಮಣ್ಣಿನ ಗೋಡೆಯ ಮೇಲೆ ಸಿಮೆಂಟು ಗಿಲಾವು ಹಾಕುವುದು ಈಗ ಎಲ್ಲೆಡೆ ಕಾಣುವ ತಪ್ಪು. ಮಣ್ಣು ಹಿಗ್ಗಿ ಕುಗ್ಗುವಂತೆ ಸಿಮೆಂಟು ಹಿಗ್ಗಿ ಕುಗ್ಗುವುದಿಲ್ಲ. ಸಣ್ಣ ಬಿರುಕಿನಿಂದ ಒಳಹೋದ ನೀರು ಹೊರಬರಲಾರದೆ ಒಳಗೇ ಗೋಡೆಯನ್ನು ಮೆತ್ತಗೆ ಮಾಡುತ್ತದೆ. ಹೊರಗೆ ಎಲ್ಲವೂ ಚೆನ್ನಾಗಿ ಕಾಣುತ್ತಿರುವಾಗಲೇ ಒಂದು ದಿನ ಗಿಲಾವು ಹಾಳೆ ಹಾಳೆಯಾಗಿ ಕಳಚುತ್ತದೆ. ಬದಲಾಗಿ ಕತ್ತರಿಸಿದ ಹುಲ್ಲು ಬೆರೆಸಿದ ಮಣ್ಣಿನ ಗಿಲಾವು ಹಾಕಿ ಮೇಲೆ ಸುಣ್ಣ ಬಳಿಯಿರಿ.

ಮಳೆ ಹೊಡೆಯುವ ಹೊರಗೋಡೆಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಡಾಂಬರು ಬೆರೆಸಿದ ಮಣ್ಣಿನ ಗಿಲಾವು ಉಪಯುಕ್ತ. ೮೦/೧೦೦ ದರ್ಜೆಯ ಡಾಂಬರು (ಈಗಿನ ಹೆಸರು ವಿ.ಜಿ. ೧೦) ಒಂದೂವರೆ ಕಿಲೊ ಕರಗಿಸಿ, ೩೦೦ ಗ್ರಾಂ ಸೀಮೆಎಣ್ಣೆಗೆ ಕಲಕುತ್ತ ಸುರಿದು, ೧೫ ಗ್ರಾಂ ಮೇಣ ಸೇರಿಸಬೇಕು. ಇದನ್ನು ೩೦ ಲೀಟರ್ ಹದವಾದ ಗಿಲಾವು ಮಣ್ಣಿಗೆ ಬೆರೆಸಿ ತುಳಿಯಬೇಕು. ಸೀಮೆಎಣ್ಣೆ ಬೆರೆಸುವುದನ್ನು ಒಲೆಯಿಂದ ದೂರ, ಬಯಲಿನಲ್ಲಿ, ಮಕ್ಕಳನ್ನು ಆಚೆ ಕಳುಹಿಸಿ ಮಾಡಿ.

ಇರುವ ಹಳೆಯ ಮನೆಯನ್ನು ಪರೀಕ್ಷಿಸಿ

ಮೇ ತಿಂಗಳಲ್ಲಿ ಒಂದು ದಿನ ಮನೆಯ ಸುತ್ತ ನಡೆದು ನೋಡಿ. ಗೋಡೆಯ ಬುಡ ಕೊರೆದು ಒಳಗೆ ಹೋಗಿದೆಯೆ? ಗೋಡೆ ಹೊಟ್ಟೆ ಬಿಟ್ಟಿದೆಯೆ? ಮೂಲೆಯಲ್ಲಿ ಎರಡು ಗೋಡೆ ಬಿಟ್ಟುಕೊಂಡಿವೆಯೆ? ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಟಿದೆಯೆ? ಜಂತಿಯನ್ನು ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೆ? ಬುಡ ಮಾತ್ರ ಕೊರೆದಿದ್ದರೆ, ಮೂರು ಅಡಿಗೆ ಒಂದರಂತೆ ಸ್ವಲ್ಪ ಸ್ವಲ್ಪವೇ ಬಿಡಿಸಿ ಕಲ್ಲು ಕೂರಿಸಿ ಸರಿಪಡಿಸಬಹುದು. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಥವಾ ಮೂಲೆ ಬಿಟ್ಟುಕೊಂಡಿದ್ದರೆ, ಆ ಗೋಡೆಯನ್ನು ಇಳಿಸಿ ಮತ್ತೆ ಕಟ್ಟುವುದೇ ಕ್ಷೇಮ. ಅಲ್ಲಿಯವರೆಗೆ ಅದರ ಪಕ್ಕದಲ್ಲಿ ಯಾರೂ ಮಲಗಬಾರದು, ದನ ಕಟ್ಟಬಾರದು. ನೆನೆದ ಗೋಡೆ ಮಳೆ ನಿಂತ ಮೇಲೂ ಬೀಳಬಹುದೆಂಬುದು ನೆನಪಿರಲಿ. ಹಳ್ಳದ ನೀರು ನುಗ್ಗುವ ಜಾಗದಲ್ಲಿ ಸಿಮೆಂಟಿಲ್ಲದ ಮಣ್ಣಿನ ಗೋಡೆ ಬೇಡವೇ ಬೇಡ.

ಸರ್ಕಾರದ ವಸತಿ ನೆರವು ಪಡೆಯುವವರು ಒಂದು ಎಚ್ಚರಿಕೆ ವಹಿಸಬೇಕು. ಗಣತಿಯ ಲೆಕ್ಕದಲ್ಲಿ ಮಣ್ಣಿನ ಗೋಡೆಯ ಮನೆ 'ಕಚ್ಚಾ' ಮನೆ. ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ಪಂಚಾಯತಿಯ ಎಂಜಿನಿಯರರನ್ನು ಕಂಡು, ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗೆ ಒಪ್ಪಿಗೆ ಪಡೆದುಕೊಳ್ಳಿ. ಈ ಇಟ್ಟಿಗೆಗೂ ಭಾರತೀಯ ಮಾನಕ (ಐ.ಎಸ್. ೧೭೨೫) ಇದೆ ಎಂಬುದನ್ನು ಅವರ ಗಮನಕ್ಕೆ ತನ್ನಿ.

ರೈತ ಬಾಂಧವರೇ, ಮಣ್ಣಿನ ಮನೆಯ ಕೆಲಸ ಬೇಸಿಗೆಯ ಕೆಲಸ. ಸುಗ್ಗಿ ಮುಗಿದು ಮುಂಗಾರು ಬರುವವರೆಗಿನ ಬಿಡುವಿನಲ್ಲಿ ಮನೆಯವರ ದುಡಿಮೆಯೇ ಇದಕ್ಕೆ ದೊಡ್ಡ ಬಂಡವಾಳ. ಹೀಗೆ ಉಳಿಸಿದ ಹಣವನ್ನು ಪಾಯದ ಕಲ್ಲಿಗೆ, ಸೂರಿಗೆ, ಚರಂಡಿಗೆ ಹಾಕಿ. ಈ ವರ್ಷ ಹೊಸ ಮನೆ ಕಟ್ಟಲಾಗದಿದ್ದರೂ ಚಿಂತೆಯಿಲ್ಲ. ಮೊದಲ ಮಳೆಗೆ ಮುಂಚೆ ಮಾಳಿಗೆಯ ಭಾರ ಇಳಿಸಿ, ಗೋಡೆಯ ಬುಡಕ್ಕೆ ನೀರು ನಿಲ್ಲದಂತೆ ಒಂದು ಚರಂಡಿ ತೋಡಿ. ಅಷ್ಟು ಮಾಡಿದರೆ ಈ ಮಳೆಗಾಲ ನಿಮ್ಮ ಮನೆಯವರು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.